ಕಾರ್ವಿ ಅರಳಿದ ವಾರ: ಬೊರಿವಲಿ ಕಾಡಿನಲ್ಲಿ ಮೂರು ದಿನ

ಗಣಪತಿಗಳೆಲ್ಲ ನೀರಿಗೆ ಇಳಿದು ಎರಡು ದಿನವಾಗಿತ್ತು. ಬ್ಯಾಂಕಿಗೆ ಶುಕ್ರವಾರ, ಶನಿವಾರ ಎರಡೂ ದಿನ ರಜೆ ಹಾಕಿ ಗುರುವಾರ ರಾತ್ರಿಯೇ ಡೊಂಬಿವಲಿಯಿಂದ ಬೊರಿವಲಿಯ ಚಿಕ್ಕಪ್ಪನ ಮನೆಗೆ ಬಂದುಬಿಟ್ಟೆ. 2024ರ ಸೆಪ್ಟೆಂಬರ್ ಅದು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ವಿ ಅರಳಿದೆ ಎಂಬ ಸುದ್ದಿ ಬಂದಾಗಿನಿಂದ ಕೌಂಟರಿನಲ್ಲಿ ಕೂತರೂ ನನಗೆ ಕಾಡೇ ಕಣ್ಣ ಮುಂದೆ. ಕಾರ್ವಿ ಎಂಟು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ. 2016ರಲ್ಲಿ ಬಿಟ್ಟಾಗ ನನ್ನ ಹತ್ತಿರ ಇದ್ದದ್ದು ಒಂದು ಸಾದಾ ಮೊಬೈಲ್. ಆಗ ತೆಗೆದ ಫೋಟೋಗಳಲ್ಲಿ ಹೂವೆಲ್ಲ ಬರೀ ನೀಲಿ ಚುಕ್ಕಿ. ಈ ಸಲ ಹಾಗಾಗಬಾರದು ಅಂತ ದುಡ್ಡು ಕೂಡಿಟ್ಟು, ಸೆಕೆಂಡ್ ಹ್ಯಾಂಡ್‌ನಲ್ಲಿ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಒಂದು 100 ಎಂಎಂ ಮ್ಯಾಕ್ರೊ ಲೆನ್ಸ್ ತೆಗೆದುಕೊಂಡಿದ್ದೆ.

ಚಿಕ್ಕಪ್ಪನಿಗೆ ಈಗ 68. ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದವರು. ಕಾಂದಿವಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ತೆಗೆದವರು. ಕೆಲಸ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ನ್ಯಾಷನಲ್ ಪಾರ್ಕಿನಲ್ಲಿ ವಾಕಿಂಗ್. ಸೋಮವಾರ ಪಾರ್ಕಿಗೆ ರಜೆ, ಅವತ್ತು ಮಾತ್ರ ಮನೆಯಲ್ಲಿ ಅವರಿಗೆ ಕೈಕಾಲು ಆಡುವುದಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಡಾಂಬರು ರಸ್ತೆ ಬಿಟ್ಟು ಅವರು ಒಂದು ಹೆಜ್ಜೆ ಆಚೆ ಇಟ್ಟವರಲ್ಲ. "ನಾನೂ ಬತ್ತೆ ಮಗಾ, ನೀನು ಎಂತ ಕಾಂತಿ ಅಂತ ಕಾಂಬ" ಅಂದರು. ನೀನು ಏನು ನೋಡುತ್ತೀ ಅಂತ ನೋಡೋಣ ಅಂತ. ಮಳೆ ಬಂದರೆ ಇರಲಿ ಅಂತ ಕರಿ ಕೊಡೆ, ಹೆಗಲ ಮೇಲೆ ಬಿಳಿ ಬೈರಾಸ್, ಅಂದರೆ ಟವೆಲ್. ಚಿಕ್ಕಮ್ಮ ಡಬ್ಬಿಗೆ ಬನ್ಸ್ ತುಂಬಿ ಕೊಟ್ಟರು.

ಶುಕ್ರವಾರ

ಗೇಟಿನ ಒಳಗೆ ಕಾಲಿಟ್ಟು ಕ್ಯಾಮೆರಾ ತೆಗೆದರೆ ಏನೂ ಕಾಣಿಸುತ್ತಿಲ್ಲ. ಲೆನ್ಸ್ ಪೂರ್ತಿ ಮಂಜು. ರಾತ್ರಿಯೆಲ್ಲ ಎಸಿ ಕೋಣೆಯಲ್ಲಿ ತಣ್ಣಗೆ ಇದ್ದ ಗಾಜಿಗೆ ಮುಂಬೈಯ ತೇವದ ಗಾಳಿ ತಾಗಿದರೆ ಹೀಗೇ ಆಗುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಒಳಗಿನ ಗಾಜಿಗಂತೂ ಕೈ ಹೋಗುವುದಿಲ್ಲ. ಕಾಯುವುದೊಂದೇ ದಾರಿ. ನೀವು ಹೋಗುವುದಾದರೆ ಹಿಂದಿನ ರಾತ್ರಿ ಕ್ಯಾಮೆರಾ ಬ್ಯಾಗನ್ನು ಬಾಲ್ಕನಿಯ ಕಡೆಗೋ ಅಡುಗೆಮನೆಯಲ್ಲೋ ಇಡಿ. ಮುಂದಿನ ಎರಡು ದಿನ ನಾನು ಹಾಗೇ ಮಾಡಿದೆ, ತೊಂದರೆ ಆಗಲಿಲ್ಲ.

ಆ ಕಾಯುವ ಹೊತ್ತಿನಲ್ಲೇ ಮೇಲಿನ ಕೊಂಬೆಯಲ್ಲಿ ಭೀಮರಾಜ ಬಂದು ಕೂತಿತು. ಬಾಲದ ಎರಡು ಉದ್ದನೆಯ ತಂತಿ, ತುದಿಯಲ್ಲಿ ಒಂದೊಂದು ಪುಟ್ಟ ಬೀಸಣಿಗೆ. ಬೇರೆ ಹಕ್ಕಿಗಳ ಕೂಗನ್ನು ಹಾಗೇ ಅನುಕರಿಸುವ ಹಕ್ಕಿ ಇದು. ಅವತ್ತು ಗಿಡುಗದ ದನಿ ತೆಗೆಯಿತು, ಆಮೇಲೆ ಇನ್ಯಾವುದೋ ಹಕ್ಕಿಯದು. ಚಿಕ್ಕಪ್ಪ ಕತ್ತೆತ್ತಿ ನೋಡಿ, "ಇದರ ಕೂಗು ದಿನಾ ಕೇಳುತ್ತಿದ್ದೆ. ನಾಲ್ಕು ಹಕ್ಕಿ ಇವೆ ಅಂದುಕೊಂಡಿದ್ದೆ" ಅಂದರು.

ಇದು ಸುಮಾರು 104 ಚದರ ಕಿಲೋಮೀಟರಿನ ಕಾಡು. ಒಂದು ಕಡೆ ಬೊರಿವಲಿ, ಇನ್ನೊಂದು ಕಡೆ ಥಾಣೆ, ಕೆಳಗೆ ಗೋರೆಗಾಂವ್, ಮುಲುಂಡ್. ನಾಲ್ಕೂ ಕಡೆಯಿಂದ ಊರು ಒತ್ತಿಕೊಂಡು ನಿಂತಿದೆ. ಒಳಗೆ ಎರಡು ಕೆರೆಗಳು, 1860ರಲ್ಲಿ ಕಟ್ಟಿದ ವಿಹಾರ್ ಮತ್ತು 1879ರಲ್ಲಿ ಕಟ್ಟಿದ ತುಳಸಿ. ಇವತ್ತಿಗೂ ಮುಂಬೈ ಇವುಗಳ ನೀರು ಕುಡಿಯುತ್ತದೆ. ತುಳಸಿ ಕೆರೆ ತುಂಬಿ ಹರಿದದ್ದೇ ದಹಿಸರ್ ನದಿ. ಊರೊಳಗೆ ಆ ನದಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪಾರ್ಕಿನ ಒಳಗೆ ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ.

ಕಾಡಿನ ಕಾಲುದಾರಿಗೆ ಸುಮ್ನೆ ನುಗ್ಗುವ ಹಾಗಿಲ್ಲ. ಪಾರ್ಕಿನೊಳಗಿನ ನೇಚರ್ ಇನ್ಫರ್ಮೇಶನ್ ಸೆಂಟರ್‌ನಲ್ಲಿ ಮೊದಲೇ ಹೆಸರು ಕೊಟ್ಟು, ಗೈಡ್ ಜೊತೆಯಲ್ಲೇ ಹೋಗಬೇಕು. ನಾವು ಶಿಲೋಂಡಾ ದಾರಿ ಆರಿಸಿಕೊಂಡಿದ್ದೆವು. ನಮ್ಮ ಗೈಡ್ ಕಾಡಿನೊಳಗಿನ ಪಾಡಾದ, ಅಂದರೆ ಆದಿವಾಸಿ ಕೇರಿಯ, ವಾರ್ಲಿ ಹುಡುಗ. ಮಾತು ಕಡಿಮೆ, ಕಣ್ಣು ಚುರುಕು. ಹತ್ತು ನಿಮಿಷ ನಡೆದಿರಬೇಕು, ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿದ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಚಿಕ್ಕಪ್ಪನ ಮುಖ ಬಲೆಯೊಳಗೆ ಹೋಗುತ್ತಿತ್ತು.

ಎರಡು ಮರಗಳ ನಡುವೆ, ದಾರಿಗೆ ಅಡ್ಡವಾಗಿ, ಬಾಗಿಲಿನಷ್ಟು ಅಗಲದ ಬಲೆ. ನಡುವೆ ತಲೆ ಕೆಳಗಾಗಿ ಕೂತ ಹೆಣ್ಣು ಜೇಡ. ಜೈಂಟ್ ವುಡ್ ಸ್ಪೈಡರ್ ಅನ್ನುತ್ತಾರೆ. ಕಪ್ಪು ಮೈಗೆ ಹಳದಿ ಗೀರು, ಕಾಲಿನ ಗಂಟುಗಳಲ್ಲೂ ಹಳದಿ. ಕಾಲು ಚಾಚಿದರೆ ನನ್ನ ಅಂಗೈ ತುಂಬುತ್ತದೆ. "ಇದು ನಮ್ಮ ಅಡಿಕೆ ತೋಟದ್ದೇ ಮಾರಾಯ್ತಿ" ಅಂದರು ಚಿಕ್ಕಪ್ಪ. "ಸಣ್ಣಕ್ಕಿದ್ದಾಗ ಮುಖಕ್ಕೆ ಅಂಟಿದರೆ ಬಿಡಿಸುವುದೇ ಕಷ್ಟ ಇತ್ತು. ದಾರ ಇದ್ದ ಹಾಗೆ." ಹೌದು, ಈ ಜೇಡದ ನೂಲು ಅಷ್ಟು ಗಟ್ಟಿ. ಬಣ್ಣವೂ ಬೇರೆ. ನೆರಳಿನಲ್ಲಿ ಏನೂ ಅನ್ನಿಸುವುದಿಲ್ಲ, ಬಿಸಿಲು ಒಂದು ಕಡೆಯಿಂದ ಬಿದ್ದರೆ ಇಡೀ ಬಲೆ ಬಂಗಾರ.

ಫೋಟೋ ತೆಗೆಯುವುದು ಸುಲಭ ಇರಲಿಲ್ಲ. ಹಿಂದುಗಡೆ ಎಲೆ, ಕಡ್ಡಿ, ಆಕಾಶದ ಬಿಳಿ ತೇಪೆಗಳು. ಅದರಲ್ಲಿ ನೂಲು ಕಳೆದುಹೋಗುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಮಾತ್ರ ಬಂಗಾರ ಎದ್ದು ಕಾಣುವುದು. ನಾನು ಅತ್ತ ಇತ್ತ ಬಗ್ಗಿ ನೋಡುತ್ತಿರುವಾಗ ಚಿಕ್ಕಪ್ಪ ಏನೂ ಕೇಳದೆ ಮರದ ಸುತ್ತ ಆಚೆ ಹೋಗಿ, ಬಲೆಗೆ ತಾಗದ ಹಾಗೆ ಎರಡು ಮಾರು ಹಿಂದೆ ನಿಂತು ಕೊಡೆ ಬಿಚ್ಚಿ ಹಿಡಿದರು. ಕರಿ ಬಟ್ಟೆಯ ಮುಂದೆ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಂಡಿತು. ಆಮೇಲೆ ಜೇಡದ ಹೊಟ್ಟೆಯ ಭಾಗ ಕಪ್ಪಾಗುತ್ತಿದೆ ಅಂದೆ. ಗೈಡ್ ಹುಡುಗ ಬೈರಾಸ್ ತೆಗೆದುಕೊಂಡು ಕೆಳಗಿನಿಂದ ಬೆಳಕು ತಿರುಗಿಸಿದ. ಫ್ಲ್ಯಾಶ್ ಹಾಕಲೇ ಇಲ್ಲ. ಎಫ್ 8, ಐಎಸ್ಒ 1600, ಉಸಿರು ಬಿಗಿ ಹಿಡಿದು ನಲವತ್ತು ಫೋಟೋ.

ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಬಲೆಯಲ್ಲಿ ಅವಳು ಒಬ್ಬಳೇ ಇಲ್ಲ. ಮೇಲಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕಂದು ಜೇಡ ಎರಡು. ಅವೇ ಗಂಡು. ಇಷ್ಟು ದೊಡ್ಡ ಹೆಂಡತಿಯ ಹತ್ತಿರ ಹೋಗಲು ಅವಕ್ಕೆ ಧೈರ್ಯ ಸಾಲದು. ಅವಳಿಗೆ ಬೇಟೆ ಸಿಕ್ಕಿ ತಿನ್ನುವುದರಲ್ಲಿ ಮುಳುಗಿದಾಗ ಮೆಲ್ಲಗೆ ಬರುತ್ತವೆ. ಇನ್ನೂ ಕೆಳಗೆ ಪಾದರಸದ ಹನಿಗಳ ಹಾಗೆ ಹೊಳೆಯುವ ಮೂರು ಚುಕ್ಕಿ. ನೀರಿನ ಹನಿ ಅಂದುಕೊಂಡಿದ್ದೆ. ಅವೂ ಜೇಡಗಳೇ! ಸ್ವಂತ ಬಲೆ ಬಿಟ್ಟು ಇವಳ ಬಲೆಯಲ್ಲಿ ಬಿಡಾರ ಹೂಡಿ, ಇವಳು ಗಮನಿಸದ ಸಣ್ಣ ಹುಳುಗಳನ್ನು ಕದ್ದು ತಿನ್ನುವ ಜಾತಿ. ಒಂದು ಬಲೆಯೊಳಗೆ ಒಂದು ಚಾಳ್, ಅಂದರೆ ಮುಂಬೈ ವಠಾರ, ಇದ್ದ ಹಾಗೆ. ಚಿಕ್ಕಪ್ಪ ಕನ್ನಡಕ ಮೇಲೆತ್ತಿ ಪರದೆಯನ್ನು ಬಹಳ ಹೊತ್ತು ನೋಡಿದರು.

ನಾವು ಇನ್ನೂ ಅಲ್ಲೇ ಇರುವಾಗ ಮತ್ತೊಂದು ಗುಂಪು ಬಂತು. ಅವರಲ್ಲಿ ಒಬ್ಬರು ಬ್ಯಾಗಿನಿಂದ ನೀರಿನ ಸ್ಪ್ರೇ ಬಾಟಲಿ ತೆಗೆದು ಬಲೆಗೆ ಹೊಡೆಯಲು ಶುರು ಮಾಡಿದರು. ಇಬ್ಬನಿ ಬಿದ್ದ ಹಾಗೆ ಕಾಣುತ್ತದಂತೆ. ಜೇಡ ತತ್ತರಿಸಿ ಮೇಲಕ್ಕೆ ಓಡಿತು. ನಮ್ಮ ಗೈಡ್ ತಡೆದ. ನನಗಂತೂ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ. ಎಲೆ ಕಿತ್ತು ಜಾಗ ಬಿಡಿಸುವುದು, ಚಿಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತಂದು ಕೂರಿಸುವುದು, ಇವೆಲ್ಲ ನಡೆಯುತ್ತವೆ. ಅಂಥ ಫೋಟೋದಲ್ಲಿ ಕಾಡು ಎಲ್ಲಿದೆ? ಇಬ್ಬನಿ ಬೇಕಿದ್ದರೆ ಚಳಿಗಾಲದಲ್ಲಿ ಬೆಳಗಿನ ಜಾವ ಬರಬೇಕು.

ಹಿಂತಿರುಗುವ ದಾರಿಯಲ್ಲಿ, ತೊರೆಯ ಪಕ್ಕದ ಕೆಸರಿನಲ್ಲಿ, ಗೈಡ್ ಕೂತು ಬೆರಳು ತೋರಿಸಿದ. ಹೆಜ್ಜೆ. ದುಂಡಗಿನ ಅಂಗಾಲು, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯದಾದರೆ ಉಗುರು ಮೂಡುತ್ತದೆ, ಚಿರತೆ ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತದೆ. "ಬಿಬಟ್ಯಾ. ರಾತ್ರಿಯದು" ಅಂದ. ಈ ಕಾಡು ಮತ್ತು ಅದರ ಅಂಚಿನಲ್ಲಿ ಸುಮಾರು 50 ಚಿರತೆಗಳಿವೆ ಎಂದು ಕ್ಯಾಮೆರಾ ಟ್ರ್ಯಾಪ್ ಎಣಿಕೆಗಳು ಹೇಳುತ್ತವೆ. ಸ್ವಲ್ಪ ಮುಂದೆ ಮರದಡಿ ಕುಂಕುಮ ಹಚ್ಚಿದ ಕಲ್ಲು, ಅದರ ಮೇಲೆ ಹುಲಿಯ ರೂಪ. ವಾರ್ಲಿಗಳ ವಾಘೋಬಾ. ಹುಲಿ, ಚಿರತೆ ಎರಡಕ್ಕೂ ಅವರಲ್ಲಿ ಅದೇ ದೇವರು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. "ನಮ್ಮ ಕಡೆ ಪಿಲಿಚಾಮುಂಡಿ ಇಲ್ವಾ, ಹಾಗೆಯೇ" ಅಂದರು. ಅಲ್ಲಿ ನಾನು ಫೋಟೋ ತೆಗೆಯಲಿಲ್ಲ.

ಶನಿವಾರ

ಇವತ್ತು ಕಾರ್ವಿ. ಗೇಟಿನಿಂದ ಕನ್ಹೇರಿ ಗುಹೆಗಳಿಗೆ ಆರೇಳು ಕಿಲೋಮೀಟರ್. ಪಾರ್ಕಿನ ಬಸ್ಸಿನಲ್ಲಿ ಹೋದೆವು. ಬುಡದಲ್ಲಿ ಪಾಡಾದ ಹೆಂಗಸರು ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುತ್ತಿದ್ದರು. ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡುವುದಿಲ್ಲ. ಅಲ್ಲೇ ನಿಂತು ತಿಂದು ಮುಗಿಸಿದೆವು.

ಕನ್ಹೇರಿಯಲ್ಲಿ ಒಂದೇ ಕರಿಕಲ್ಲಿನ ಬೆಟ್ಟವನ್ನು ಕೊರೆದು ಮಾಡಿದ 109 ಗುಹೆಗಳಿವೆ. ಕೃಷ್ಣಗಿರಿ ಅನ್ನುವುದೇ ಕನ್ಹೇರಿ ಆದದ್ದು. ಬೌದ್ಧ ಭಿಕ್ಷುಗಳು ಇಲ್ಲಿ ಸಾವಿರ ವರ್ಷದಷ್ಟು ಕಾಲ ಇದ್ದರು. ಗುಹೆಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ಒಂದು ಮಾತ್ರ ಹೇಳಲೇಬೇಕು. ಇಲ್ಲಿಯ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. 843ರ ಶಾಸನವೊಂದು ಶಿಲಾಹಾರರ ಪುಲ್ಲಶಕ್ತಿಯ ಕಾಲದ್ದು. ಅವನು ರಾಷ್ಟ್ರಕೂಟರ ಸಾಮಂತನಾಗಿ ಈ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವನು. ಮಳಖೇಡದಲ್ಲಿ ಕೂತ ದೊರೆಯ ಹೆಸರು ಬೊರಿವಲಿಯ ಬೆಟ್ಟದಲ್ಲಿ! ಇದನ್ನು ಹೇಳಿದಾಗ ಚಿಕ್ಕಪ್ಪ ನಿಂತಲ್ಲೇ ನಿಂತರು. "ನಾವು ಬರುವ ಮೊದಲೇ ನಮ್ಮವರು ಬಂದಾಗಿದೆ ಅನ್ನು" ಅಂದರು. ಆಮೇಲೆ ಹೋದ ಗುಹೆಯಲ್ಲೆಲ್ಲ ಗೋಡೆಯ ಅಕ್ಷರಗಳ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರು.

ಮಳೆ ನೀರು ಹಿಡಿಯಲು ಭಿಕ್ಷುಗಳು ಬಂಡೆಯಲ್ಲಿ ಕಾಲುವೆ ಕೆತ್ತಿದ್ದಾರೆ. ಗುಹೆಗುಹೆಗೂ ಕಲ್ಲಿನ ತೊಟ್ಟಿ ಇದೆ. ಸೆಪ್ಟೆಂಬರಿನಲ್ಲಿ ಅವೆಲ್ಲ ತುಂಬಿ ತುಳುಕುತ್ತಿದ್ದವು. ಒಂದು ತೊಟ್ಟಿಯ ಅಂಚಿನಲ್ಲಿ ಒದ್ದೆ ಪಾಚಿಯ ಮೇಲೆ ನೀಲಿ ಮಾರ್ಮನ್ ಚಿಟ್ಟೆ ಕೂತು ಉಪ್ಪಿನ ಅಂಶ ಹೀರುತ್ತಿತ್ತು. ಕಪ್ಪು ರೆಕ್ಕೆಯ ಮೇಲೆ ಯಾರೋ ನೀಲಿ ಪುಡಿ ಚೆಲ್ಲಿದ ಹಾಗೆ. ಮಹಾರಾಷ್ಟ್ರ 2015ರಲ್ಲಿ ಇದನ್ನು ರಾಜ್ಯದ ಚಿಟ್ಟೆ ಅಂತ ಘೋಷಿಸಿತು.

ಮೆಟ್ಟಿಲು ಹತ್ತಿ ಗುಹೆಗಳ ಮೇಲಿನ ಇಳಿಜಾರಿಗೆ ಬಂದೆವು. ಅಲ್ಲಿ ಮಾತು ನಿಂತಿತು.

ಬಂಡೆ ಇಲ್ಲದ ಕಡೆಯೆಲ್ಲ ಕಾರ್ವಿ. ಆಳೆತ್ತರಕ್ಕಿಂತ ಜಾಸ್ತಿ. ಒಂದೊಂದು ಕೊಂಬೆಯಲ್ಲೂ ಗೊಂಚಲು ಗೊಂಚಲು ನೇರಳೆ ಗಂಟೆಗಳು. ಇದರ ಹತ್ತಿರದ ಬಂಧುಗಳು ನಮ್ಮಲ್ಲೂ ಇವೆ. ಮಲೆನಾಡಿನವರು ಗುರಿಗೆ ಅನ್ನುತ್ತಾರೆ. 2022ರಲ್ಲಿ ಮುಳ್ಳಯ್ಯನಗಿರಿ ಕಡೆ ಕುರಿಂಜಿ ಅರಳಿದಾಗ ಎಷ್ಟು ಜನ ನುಗ್ಗಿದ್ದರು ನೆನಪಿದೆಯಲ್ವಾ, ಅದೂ ಇದೇ ಕುಲದ್ದು. ಏಳು ವರ್ಷ ಕಾರ್ವಿ ಬರೀ ಎಲೆ, ಕಾಂಡ ಬೆಳೆಸುತ್ತದೆ. ಎಂಟನೇ ಮಳೆಗಾಲದಲ್ಲಿ ಬೆಟ್ಟಕ್ಕೆ ಬೆಟ್ಟವೇ ಒಟ್ಟಿಗೆ ಹೂ ಬಿಡುತ್ತದೆ. ಕಾಯಿ ಕಟ್ಟಿ, ಒಣಗಿ ಸಾಯುತ್ತದೆ. ಎಲ್ಲವೂ ಒಂದೇ ಸಲ ಬೀಜ ಚೆಲ್ಲಿದರೆ ತಿನ್ನುವ ಇಲಿ, ಹಕ್ಕಿ, ಹುಳು ತಿಂದೂ ಮಿಗುತ್ತದೆ, ಅದಕ್ಕೇ ಹೀಗೆ ಅನ್ನುತ್ತಾರೆ. ಸತ್ತ ಕಾಂಡವೂ ವ್ಯರ್ಥ ಅಲ್ಲ. ವಾರ್ಲಿಗಳು ಕಾರ್ವಿಯ ಕೋಲುಗಳನ್ನು ಸಾಲಾಗಿ ಕಟ್ಟಿ, ಮಣ್ಣು ಸಗಣಿ ಮೆತ್ತಿ ಮನೆಯ ಗೋಡೆ ಮಾಡುತ್ತಾರೆ. ಬಿಳಿ ಬಣ್ಣದ ವಾರ್ಲಿ ಚಿತ್ರಗಳು ಮೂಡುವುದು ಅಂಥ ಗೋಡೆಗಳ ಮೇಲೆಯೇ.

ಕ್ಯಾಮೆರಾ ತೆಗೆದು ಒಂದು ಫೋಟೋ ಹೊಡೆದೆ. ಪರದೆಯಲ್ಲಿ ಹೂ ನೀಲಿ! ಕಣ್ಣಿಗೆ ನೇರಳೆ, ಕ್ಯಾಮೆರಾಕ್ಕೆ ನೀಲಿ. 2016ರಲ್ಲೂ ಇದೇ ಆಗಿದ್ದು, ಆಗ ಮೊಬೈಲ್ ಕೆಟ್ಟದು ಅಂದುಕೊಂಡಿದ್ದೆ. ನೇರಳೆ ಬಣ್ಣ ಹಿಡಿಯುವುದು ಎಂಥ ಕ್ಯಾಮೆರಾಕ್ಕೂ ಕಷ್ಟ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ನೆರಳಿನ ಗುರುತಿಗೆ ತಿರುಗಿಸಿದೆ, ಬೆಳಕು ಸ್ವಲ್ಪ ಕಡಿಮೆ ಮಾಡಿದೆ. ಮೆಲ್ಲಗೆ ಕೆಂಪಿನ ಅಂಶ ಬಂದು ಸೇರಿಕೊಂಡು, ಕಣ್ಣಿಗೆ ಕಂಡ ನೇರಳೆಯ ಹತ್ತಿರ ಬಂತು. ಎಂಟು ವರ್ಷದ ಹಿಂದಿನ ಬಾಕಿ ತೀರಿದ ಹಾಗಾಯಿತು.

ಆಮೇಲೆ ಒಂದೇ ಗಿಡದ ಮುಂದೆ ಮೊಣಕೈ ಊರಿ ಕೂತೆ. ಎಲೆ ಒರಟು, ಕೈಗೆ ತರಚುತ್ತದೆ. ಗೊಂಚಲು ಮುಟ್ಟಿದರೆ ಅಂಟಂಟು. ಹೂವಿನ ಒಳಗೆ ನೋಡಿದರೆ ಗಂಟಲಿನಲ್ಲಿ ಸಣ್ಣ ಬಿಳಿ ಕೂದಲು. ಒಂದು ತುಡುವೆ ಜೇನು ಬಂತು. ತಲೆ ತೂರಿಸಿತು, ಎದೆ ಹೋಯಿತು, ಕೊನೆಗೆ ಹಿಂದಿನ ಕಾಲೆರಡು ಮಾತ್ರ ಹೊರಗೆ. ಹೂ ಅದರ ಭಾರಕ್ಕೆ ಬಾಗಿ ತೂಗಿತು. ಹಿಂದಕ್ಕೆ ಸರಿದು ಹೊರಗೆ ಬಂದಾಗ ಬೆನ್ನ ಮೇಲೆ ಪರಾಗದ ಬಿಳಿ ಪಟ್ಟೆ. ಆ ಬೆನ್ನು ಹಿಡಿಯಲು ನನಗೆ ಒಂದೂವರೆ ಗಂಟೆ ಬೇಕಾಯಿತು. ಗಾಳಿ ನಿಲ್ಲಬೇಕು, ಮೋಡ ಸರಿಯಬೇಕು, ಜೇನು ನನ್ನ ಕಡೆಗೇ ಬೆನ್ನು ಮಾಡಬೇಕು. ಮೂರೂ ಒಟ್ಟಿಗೆ ಆದದ್ದು ಒಂದು ಸಲ.

ನಾನು ನೆಲದ ಮೇಲಿದ್ದಾಗ ಒಂದು ಸಂಸಾರ ಬಂತು. ಮಕ್ಕಳು ಗೊಂಚಲು ಮುರಿದು ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದರು, ದೊಡ್ಡವರು ಫೋಟೋ ತೆಗೆಯುತ್ತಿದ್ದರು. ಚಿಕ್ಕಪ್ಪ ಹತ್ತಿರ ಹೋಗಿ ಗಲ್ಲಾದಲ್ಲಿ ಗಿರಾಕಿಗಳ ಹತ್ತಿರ ಮಾತಾಡುವ ಮೆತ್ತನೆಯ ದನಿಯಲ್ಲೇ, "ತೋಡೂ ನಕಾ ಬಾಳಾ, ಆಠ ವರ್ಷಾಂನಿ ಆಲೀ ಆಹೇ" ಅಂದರು. ಮುರಿಯಬೇಡ ಮಗು, ಎಂಟು ವರ್ಷಕ್ಕೆ ಬಂದಿದೆ ಅಂತ. ಸಣ್ಣ ಹುಡುಗಿ ಬೆರಳು ಮಡಚಿ ಎಣಿಸಿ, "ನನಗೆ ಏಳೇ" ಅಂದಳು, ಮರಾಠಿಯಲ್ಲಿ. ಕೈಲಿದ್ದ ಕೊಂಬೆಯನ್ನು ಗಿಡದ ಬುಡದಲ್ಲಿ ಮೆಲ್ಲಗೆ ಇಟ್ಟಳು.

ಮೇಲಿನಿಂದ ನೋಡಿದರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಬೊರಿವಲಿಯ ಎತ್ತರದ ಕಟ್ಟಡಗಳು. ಈ ಬೆಟ್ಟಗಳ ಅಡಿಯಿಂದಲೇ ಥಾಣೆ–ಬೊರಿವಲಿ ಜೋಡಿ ಸುರಂಗ ಬರಲಿದೆ. ಜುಲೈನಲ್ಲಿ ಶಂಕುಸ್ಥಾಪನೆ ಆಯಿತು. ಸುರಂಗ ನೆಲದಡಿ ಹೋಗುತ್ತದೆ, ಕಾಡಿಗೆ ತೊಂದರೆ ಇಲ್ಲ ಅನ್ನುತ್ತಾರೆ. ನನಗೆ ತೊರೆಗಳದ್ದೇ ಚಿಂತೆ. ಕಲ್ಲಿನೊಳಗಿನ ನೀರಿನ ದಾರಿ ತಪ್ಪಿದರೆ ಮೇಲೆ ಏನು ಉಳಿಯುತ್ತದೆ? ಚಿಕ್ಕಪ್ಪ ಬೇರೆಯೇ ಲೆಕ್ಕದಲ್ಲಿದ್ದರು. "ಮುಂದಿನದು 2032. ನನಗೆ 76" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೆಟ್ಟಿಲು ಹತ್ತಲಿಕ್ಕೆ ಆಗಬಹುದು" ಅಂದರು.

ಭಾನುವಾರ

ಬೆಳಿಗ್ಗೆ ಮಳೆ ಜಿಟಿಜಿಟಿ. ನನಗೆ ಹೋಗುವ ಯೋಚನೆ ಇರಲಿಲ್ಲ, ಕಾರ್ವಿ ಸಿಕ್ಕಾಗಿತ್ತಲ್ಲ. ಆರಕ್ಕೇ ಎದ್ದು ಕೊಡೆ ಹಿಡಿದು ಬಾಗಿಲಲ್ಲಿ ನಿಂತವರು ಚಿಕ್ಕಪ್ಪ. "ಆ ಜೇಡ ಎಂತ ಆಯ್ತು ಕಾಂಬ. ಮೊನ್ನೆ ನೀರು ಹೊಡೆದರಲ್ಲ ಅವರು." ಮೊನ್ನೆಯ ಗೈಡ್ ಹುಡುಗನಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ಹೇಳಿಟ್ಟಿದ್ದರು.

ದಾರಿಯಲ್ಲಿ ಜೇಡಗಳ ವಿಷಯವೇ ಮಾತು. ನಮ್ಮ ಥಾಣೆ–ಕಲ್ಯಾಣ್ ಕಡೆ ಸಿಕ್ಕ ಒಂದು ಹೊಸ ಜಿಗಿಯುವ ಜೇಡಕ್ಕೆ 2021ರಲ್ಲಿ ಐಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು. 26/11ರ ರಾತ್ರಿ ಕಸಬ್‌ನ ಬಂದೂಕನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ಕೊಟ್ಟ ಪೊಲೀಸ್ ತುಕಾರಾಮ್ ಓಂಬ್ಳೆ ಅವರ ನೆನಪಿಗೆ. ಚಿಕ್ಕಪ್ಪನಿಗೆ ಆ ರಾತ್ರಿ ಚೆನ್ನಾಗಿ ನೆನಪಿದೆ. "ಆ ಜೇಡವೂ ಸಿಕ್ಕರೆ ತೋರಿಸು" ಅಂದರು.

ಬಲೆ ಅಲ್ಲೇ ಇತ್ತು. ಆದರೆ ಎಡಗಡೆಯ ಅರ್ಧ ಹರಿದು ಜೋತು ಬಿದ್ದಿತ್ತು. ಕೊಂಬೆ ಬಿತ್ತೋ, ಯಾವುದಾದರೂ ಹಕ್ಕಿ ನುಗ್ಗಿತೋ, ಗೊತ್ತಿಲ್ಲ. ಗಂಡುಗಳಲ್ಲಿ ಒಂದು ಕಾಣಲಿಲ್ಲ. ಅವಳು ಇದ್ದಳು. ಕೆಲಸದಲ್ಲಿದ್ದಳು. ಈ ಜಾತಿಯ ಜೇಡ ಬೇರೆ ಜೇಡಗಳ ಹಾಗೆ ದಿನಾ ಇಡೀ ಬಲೆ ಕಿತ್ತು ಹೊಸದು ಕಟ್ಟುವುದಿಲ್ಲ. ಕೆಟ್ಟ ಭಾಗವನ್ನಷ್ಟೇ ತೆಗೆದು ಅಷ್ಟನ್ನೇ ನೇಯುತ್ತದೆ. ಹಳೇ ಎಳೆಗಳು ಆಗಲೇ ಹೋಗಿದ್ದವು. ಅಡ್ಡೆಳೆ ಹಾಕುತ್ತಿದ್ದಳು. ಹಿಂದಿನ ಒಂದು ಕಾಲಿನಿಂದ ನೂಲು ಎಳೆಯುತ್ತಾಳೆ, ಮುಂದಿನ ಕಾಲು ಚಾಚಿ ಹಿಂದಿನ ಸುತ್ತು ಎಷ್ಟು ದೂರ ಇದೆ ಅಂತ ಮುಟ್ಟಿ ನೋಡುತ್ತಾಳೆ, ಹೊಟ್ಟೆ ತಾಗಿಸಿ ಅಂಟಿಸುತ್ತಾಳೆ, ಒಂದು ಹೆಜ್ಜೆ ಮುಂದೆ. ಮತ್ತೆ ಎಳೆತ, ಮುಟ್ಟಿ ನೋಡುವುದು, ಅಂಟು. ಹೊಲಿಗೆ ಮಷಿನ್ನಿನ ಹಾಗೆ ಒಂದೇ ಲಯ.

ಕ್ಯಾಮೆರಾದ ಮೇಲೆ ಮಳೆ ಹನಿ ಬೀಳುತ್ತಿತ್ತು. ಚಿಕ್ಕಪ್ಪ ನನ್ನ ತಲೆಯ ಮೇಲೆ ಕೊಡೆ ಹಿಡಿದರು. ಹಿನ್ನೆಲೆಗೆ ಏನೂ ಇಲ್ಲ, ಬೆಳಕೂ ಇಲ್ಲ. ಆರು ಫೋಟೋ ತೆಗೆದೆ, ಆರೂ ಅಲುಗಿದವು. ಲೆನ್ಸಿಗೆ ಮುಚ್ಚಳ ಹಾಕಿ ಬ್ಯಾಗಿಗಿಟ್ಟೆ. ಗೈಡ್ ಹುಡುಗ ಬಂಡೆಯ ಮೇಲೆ ಕೂತ. ಡಬ್ಬಿ ಬಿಚ್ಚಿ ಮೂವರೂ ಬನ್ಸ್ ಹಂಚಿಕೊಂಡೆವು.

"ಹದಿನಾರು" ಅಂದರು ಚಿಕ್ಕಪ್ಪ.

"ಎಂತದು?"

"ಸುತ್ತು. ನಾವು ಬಂದ ಮೇಲೆ ಹಾಕಿದ್ದು." ಕಣ್ಣು ಅವಳ ಮೇಲೇ ಇತ್ತು. "ಹದಿನೇಳು."